ಅಳಿಸು, ಉಳಿಸು ಇವೆರಡರ ನಡುವೆ ಒಂದು ಪದ ಬೇಕಿತ್ತು

ಕಂಪ್ಯೂಟರಿನಲ್ಲಿ ಅಳಿಸಿಹೋದ ಫೈಲಿನ ವಿಷಯಕ್ಕೆ ಒಂದು ಕನ್ನಡ ಪದ ಕೇಳಬೇಕಿತ್ತು. ಅದಕ್ಕೂ ಮೊದಲು ಕಥೆ ಸ್ವಲ್ಪ ಹೇಳುತ್ತೇನೆ. ಇಲ್ಲದಿದ್ದರೆ ನಿಘಂಟು ನೋಡಿ ಅಂತ ಹೇಳಿಬಿಡುತ್ತೀರಿ. ನಿಘಂಟು ನೋಡಿ ಆಗಿದೆ.

ನಾವು ಮುಂಬಯಿ ಪಕ್ಕದ ಡೊಂಬಿವಲಿಯವರು. ನಮ್ಮ ಕನ್ನಡ ಸಂಘದ ಹಳೇ ನಾಟಕ, ಯಕ್ಷಗಾನ, ವಾರ್ಷಿಕೋತ್ಸವದ ಫೋಟೋಗಳನ್ನು ಸ್ಕ್ಯಾನ್ ಮಾಡಿ ಸಂಘದ ಕಂಪ್ಯೂಟರಿನಲ್ಲಿ ಇಟ್ಟಿದ್ದೆವು. ಕೆಲವು ಎರಡೆರಡು ಸಲ ಸ್ಕ್ಯಾನ್ ಆಗಿದ್ದವು, ಕೆಲವು ಸೊಟ್ಟ ಬಂದಿದ್ದವು. ನಾನೇ ಒಂದು ಸಂಜೆ ಕೂತು ಎರಡು ಫೋಲ್ಡರ್ ಮಾಡಿದೆ. ಒಂದಕ್ಕೆ 'ಉಳಿಸುವುದು', ಇನ್ನೊಂದಕ್ಕೆ 'ಅಳಿಸುವುದು' ಅಂತ ಹೆಸರಿಟ್ಟೆ. ಎಷ್ಟು ಚಂದ ಪ್ರಾಸ ಕೂಡಿತು ಅಂತ ಖುಷಿ ಬೇರೆ.

ಮರುದಿನ ಸಂಘದ ಹುಡುಗನೊಬ್ಬ ಕೂತ. ಹುಟ್ಟಿ ಬೆಳೆದದ್ದೆಲ್ಲ ಇಲ್ಲೇ. ಕನ್ನಡ ಚೆನ್ನಾಗಿ ಮಾತಾಡುತ್ತಾನೆ, ಓದುವಾಗ ಮಾತ್ರ ಅಕ್ಷರಕ್ಕೆ ಅಕ್ಷರ ಕೂಡಿಸಿ ಓದಬೇಕು. ಅವನಿಗೆ ಅ ಮತ್ತು ಉ ಅದಲು ಬದಲಾಯಿತು. ಶಿಫ್ಟ್ ಒತ್ತಿ ಹಿಡಿದು ಡಿಲೀಟ್ ಹೊಡೆದ. ಹಾಗೆ ಹೊಡೆದರೆ ರಿಸೈಕಲ್ ಬಿನ್‌ಗೂ ಹೋಗುವುದಿಲ್ಲ, ಅಲ್ವಾ? ಉಳಿಸಬೇಕಾದ 412 ಫೋಟೋ ಹೋಯ್ತು. ಸೊಟ್ಟ ಫೋಟೋಗಳೆಲ್ಲ ಸುರಕ್ಷಿತವಾಗಿದ್ದವು.

ತಪ್ಪು ಅವನದಲ್ಲ, ಹೆಸರಿಟ್ಟ ನನ್ನದು. ಒಂದೇ ಅಕ್ಷರದಲ್ಲಿ ಬೇರೆಯಾಗುವ ಎರಡು ಪದಗಳನ್ನು ಎದುರುಬದುರು ಕೂರಿಸಿದವಳು ನಾನು. ಫೋನುಗಳಲ್ಲೂ ಹಾಗೇ ಇದೆ ನೋಡಿ. 'ಉಳಿಸಿ', 'ಅಳಿಸಿ' ಎರಡೂ ಸಣ್ಣ ಅಕ್ಷರದಲ್ಲಿ. ಕನ್ನಡಕ ಇಲ್ಲದವರ ಗತಿ ದೇವರೇ ಬಲ್ಲ. ಇನ್ನೊಂದು ತಮಾಷೆ, 'ಅಳಿಸು' ಅಂದರೆ ಅಳುವ ಹಾಗೆ ಮಾಡು ಅಂತಲೂ ಇದೆ. ಆ ಸಂಜೆ ಎರಡೂ ಅರ್ಥ ಒಟ್ಟಿಗೇ ನಡೆಯಿತು.

ಹುಡುಗ ಗಾಬರಿಯಲ್ಲಿ ಇನ್ನೊಂದು ಕೆಲಸ ಮಾಡಿದ್ದ. ಅದೇ ಕಂಪ್ಯೂಟರಿನಲ್ಲಿ ಒಂದು ರಿಕವರಿ ಸಾಫ್ಟ್‌ವೇರ್ ಇಳಿಸಿ, ಅದೇ ಡಿಸ್ಕಿಗೆ ಹಾಕಿಕೊಂಡು, ಅದು ಓಡುತ್ತಿರುವಾಗ ಹೇಗೆ ಮಾಡಬೇಕು ಅಂತ ಯೂಟ್ಯೂಬ್ ನೋಡುತ್ತಾ ಕೂತಿದ್ದ. ನಾನು ಹೋಗಿ ಸ್ವಿಚ್ಚನ್ನೇ ಆರಿಸಿದೆ.

ಶನಿವಾರ ಡಿಸ್ಕನ್ನು ಬಿಚ್ಚಿ ಟವೆಲಿನಲ್ಲಿ ಸುತ್ತಿ, ದಾದರಿನಲ್ಲಿ ಗಾಡಿ ಬದಲಿಸಿ, ಗ್ರಾಂಟ್ ರೋಡಿನಲ್ಲಿ ಇಳಿದು ಕಂಪ್ಯೂಟರ್ ಅಂಗಡಿಗಳಿರುವ ಲ್ಯಾಮಿಂಗ್ಟನ್ ರೋಡಿಗೆ ಹೋದೆ. ಮೊದಲ ಮಹಡಿಯಲ್ಲಿ ಒಂದು ಗೂಡಿನಂಥ ಅಂಗಡಿ. ಅಲ್ಲಿದ್ದವನು ಡಿಸ್ಕಿಗೆ ಕರೆಂಟ್ ಕೊಟ್ಟು ಕಿವಿ ಹತ್ತಿರ ಹಿಡಿದು ಕೇಳಿದ. ಟಿಕ್ ಟಿಕ್ ಸದ್ದಿಲ್ಲ. ಆ ಸದ್ದು ಇದ್ದರೆ ಒಳಗೆ ಓದುವ ಮುಳ್ಳೇ ಕೆಟ್ಟಿದೆ ಅಂತ ಲೆಕ್ಕ, ಸಾಫ್ಟ್‌ವೇರ್ ಅಲ್ಲಿ ಏನೂ ಮಾಡುವುದಿಲ್ಲ, ಓಡಿಸಿದಷ್ಟೂ ಹಾಳು. ಆಮೇಲೆ ಅವನು ಕೇಳಿದ್ದು ಒಂದೇ ಪ್ರಶ್ನೆ. "ಉಸ್ಕೇ ಬಾದ್ ಕುಛ್ ಡಾಲಾ ತೋ ನಹೀ?" ಅದಾದ ಮೇಲೆ ಏನಾದರೂ ಹಾಕಿದ್ರಾ? ನಾನು ಹುಡುಗನ ಕಥೆ ಹೇಳಿದೆ. ಅವನು ತಲೆ ಅಲ್ಲಾಡಿಸಿ, ಮೊದಲು ಇಡೀ ಡಿಸ್ಕಿನ ಪ್ರತಿ ಇನ್ನೊಂದು ಡಿಸ್ಕಿಗೆ ತೆಗೆದ. ಹುಡುಕಾಟ ಏನಿದ್ದರೂ ಆ ಪ್ರತಿಯ ಮೇಲೆ.

ಸಿಕ್ಕಿತು, ಮುಕ್ಕಾಲು ಪಾಲು. ಈ ವಿಷಯ ಮನೆಯಲ್ಲಿ ಹೇಳಿದಾಗ ಶುರುವಾದದ್ದೇ ಈ ಪದದ ಜಗಳ.

ನನ್ನ ದೊಡ್ಡಪ್ಪ ಮಾಟುಂಗಾದ ಹೋಟೆಲೊಂದರಲ್ಲಿ ನಲವತ್ತು ವರ್ಷ ಗಲ್ಲೆಯಲ್ಲಿ ಕೂತವರು. ಈಗ ಸಂಘದ ಲೆಕ್ಕ ನೋಡುತ್ತಾರೆ. ಅವರು ಕೇಳಿದರು: "ಅಳಿಸಿ ಆಯ್ತಲ್ಲ ಮಾರಾಯ್ತಿ, ಅಳಿಸಿದ್ದು ಇನ್ನೆಲ್ಲಿಂದ ಬಂತು? ಹಾಗಾದ್ರೆ ಅವ ಅಳಿಸ್ಲೇ ಇಲ್ಲ ಅಂತಾಯ್ತು."

ಸರಿಯಾದ ಪ್ರಶ್ನೆ. ನಾನು ಕಟ್ಟಡದ ಕೆಳಗಿನ ಹೆಸರಿನ ಬೋರ್ಡು ತೋರಿಸಿದೆ. ಯಾವ ಖೋಲಿಯಲ್ಲಿ ಯಾರು ಅಂತ ಬರೆದಿರುವ ಬೋರ್ಡು. ಡಿಸ್ಕಿನಲ್ಲೂ ಅಂಥದ್ದೊಂದು ಪಟ್ಟಿ ಇರುತ್ತದೆ. ಡಿಲೀಟ್ ಒತ್ತಿದರೆ ಪಟ್ಟಿಯಲ್ಲಿ 'ಈ ಖೋಲಿ ಖಾಲಿ' ಅಂತ ಗುರುತು ಬೀಳುತ್ತದೆ, ಅಷ್ಟೇ. ಒಳಗಿನ ಸಾಮಾನು ಹಾಗೇ ಇದೆ. ಹೊಸಬರು ಬಂದು ತಮ್ಮ ಕಪಾಟು ಇಡುವ ತನಕ ಇರುತ್ತದೆ.

ದೊಡ್ಡಪ್ಪ ಸ್ವಲ್ಪ ಹೊತ್ತು ಬಿಟ್ಟು, "ಓ, ಉದ್ರಿ ಪುಸ್ತಕದ ಗೀಟು" ಅಂದರು. ಗಿರಾಕಿ ಬಾಕಿ ಕೊಟ್ಟ ಮೇಲೆ ಹೆಸರಿನ ಮೇಲೆ ಅಡ್ಡ ಗೀಟು ಎಳೆಯುತ್ತಿದ್ದರಂತೆ. ಲೆಕ್ಕ ಮುಗಿಯಿತು, ಆದರೆ ಹೆಸರು ಕೆಳಗೆ ಓದಲು ಬರುತ್ತದೆ. "ಅದನ್ನು ನಾವು ಹೊಡೆದುಹಾಕಿದೆ ಅಂತೇವೆ, ಅಳಿಸಿದೆ ಅನ್ನೋದಿಲ್ಲ."

ನನಗೆ ಅಲ್ಲೇ ಹೊಳೆಯಿತು. ಕನ್ನಡದಲ್ಲಿ ಈ ಭೇದ ಮೊದಲೇ ಇದೆ. ನಮ್ಮ ಆಫೀಸಿನ ಮರಾಠಿಯವರಲ್ಲೂ ಇದೆ. ಗೀಚಿ ಹೊಡೆದರೆ ಖೋಡಣೆ, ಪಾಟಿ ಒರೆಸಿದರೆ ಪುಸಣೆ. ಫೈಲ್ ಹೋದರೆ ಮಾತ್ರ ಅವರು ಎರಡನ್ನೂ ಬಿಟ್ಟು 'ಉಡಾಲಿ' ಅನ್ನುತ್ತಾರೆ, ಹಾರಿತು ಅಂತ. ನಾವು ಕಂಪ್ಯೂಟರಿಗೆ ಬರುವಾಗ ಹೊಡೆದುಹಾಕು, ಒರೆಸು, ತೆಗೆ, ಕಿತ್ತುಹಾಕು ಎಲ್ಲ ಬಿಟ್ಟು 'ಅಳಿಸು' ಒಂದನ್ನೇ ಹಿಡಿದುಕೊಂಡೆವು. ಅದು ಪೂರ್ತಿ ನಾಶದ ಪದ. ಅಳಿ ಅಂದರೆ ಹಾಳಾಗು, ಸಾಯು. ಡಿಸ್ಕಿನಲ್ಲಿ ಆ ಕ್ಷಣಕ್ಕೆ ಏನೂ ಸತ್ತಿರುವುದಿಲ್ಲ.

ಅತ್ತೆ ಅಡುಗೆ ಮನೆಯಿಂದಲೇ ಒಂದು ಸೇರಿಸಿದರು. ಅವರ ಮನೆಮಾತು ತುಳು. ಅಳಿಸುವುದಕ್ಕೆ ಅಲ್ಲಿ 'ಮಾಜಾವು' ಅನ್ನುತ್ತಾರೆ. ಹಳಗನ್ನಡದಲ್ಲಿ 'ಮಾಜು' ಅಂದರೆ ಬಚ್ಚಿಡು, ಮರೆಮಾಡು. ಒಂದೇ ಬೇರಿನ ಪದಗಳಂತೆ ಕಾಣುತ್ತವೆ. ತುಳುವಿನಲ್ಲಿ ಅಳಿಸಿಹೋದದ್ದು ಹಳಗನ್ನಡದಲ್ಲಿ ಬರೀ ಅಡಗಿಕೊಂಡಿದೆ! ಡಿಸ್ಕ್ ಮಾಡುವುದೂ ಅದನ್ನೇ. ಆದರೆ ಸಂಘದ ಗೋಡೆಗೆ ಅಂಟಿಸುವ ಹಾಳೆಯಲ್ಲಿ 'ಮಾಜಿದ ಕಡತ' ಅಂತ ಬರೆದರೆ ಮಾಜಿ ಅಧ್ಯಕ್ಷರ ಕಡತ ಅಂತ ತಿಳಿದಾರು.

ಹೌದು, ಹಾಳೆ. ಇನ್ನು ಮುಂದೆ ಫೈಲ್ ಹೋದರೆ ಏನು ಮಾಡಬೇಕು ಅಂತ ಕನ್ನಡದಲ್ಲಿ ಬರೆದು ಕಂಪ್ಯೂಟರಿನ ಮೇಲೆ ಅಂಟಿಸುವ ಕೆಲಸ ನನಗೇ ಬಿತ್ತು. ಅದಕ್ಕೇ ಈ ಪ್ರಶ್ನೆಗಳು.

ಮೊದಲು ರಿಕವರಿ. 'ಮರುಪಡೆ' ಅಂತ ಫೋನುಗಳಲ್ಲಿ ಬರುತ್ತದೆ. ತಪ್ಪಿಲ್ಲ, ಆದರೆ ಕೂತು ಬರೆದ ಪದ. 'ರಿಕವರಿಯವನ ಹತ್ತಿರ ಹೋಗಿದ್ದೆ' ಅಂದಾಗ ಪಕ್ಕದ ಮನೆಯವರು ನಾನು ಬ್ಯಾಂಕಿನ ಸಾಲ ಕಟ್ಟಿಲ್ಲ ಅಂತಲೇ ತಿಳಿದರು. ಈ ಊರಿನಲ್ಲಿ ರಿಕವರಿ ಅಂದರೆ ವಸೂಲಿ. ದೊಡ್ಡಪ್ಪನ ಪದ 'ಎತ್ತು'. ಬಾವಿಗೆ ಬಿದ್ದ ಕೊಡಪಾನವನ್ನು ಪಾತಾಳಗರಡಿ ಇಳಿಸಿ ಎತ್ತುವ ಹಾಗೆ. ನನಗೆ ಇದು ಬಹಳ ಹಿಡಿಸಿತು. ಯಾಕೆಂದರೆ ಕೊಡಪಾನ ಅಲ್ಲೇ ಇದೆ, ಕಾಣುವುದಿಲ್ಲ ಅಷ್ಟೇ. ಕೊಕ್ಕೆಗೆ ಸಿಕ್ಕಿದರೆ ಸಿಕ್ಕಿತು.

ಆದರೆ ಎತ್ತುವುದರಲ್ಲಿ ಎರಡು ಬಗೆ ಇದೆ. ಅಂಗಡಿಯವನ ಪರದೆಯಲ್ಲಿ ನೋಡಿದ್ದು. ಒಂದು, ಪಟ್ಟಿಯ ಗುರುತು ನೋಡಿ ಎತ್ತುವುದು. ವಿಂಡೋಸಿನಲ್ಲಿ ಪಟ್ಟಿ ಇಡುವ ಎನ್‌ಟಿಎಫ್‌ಎಸ್ ಪದ್ಧತಿಯ ಡಿಸ್ಕಿನಲ್ಲಿ ಹೊಡೆದುಹಾಕಿದ ಫೈಲಿನ ಹೆಸರು, ತಾರೀಖು, ಜಾಗ ಎಲ್ಲ ಪಟ್ಟಿಯಲ್ಲಿ ಉಳಿದಿರುತ್ತದೆ, ಆ ಸಾಲನ್ನು ಹೊಸ ಫೈಲು ಬಳಸಿಕೊಳ್ಳುವ ತನಕ. ಹಾಗಾಗಿ ಹೆಸರಿನ ಸಮೇತ ಬಂದವು. ಕ್ಯಾಮೆರಾ ಕಾರ್ಡು, ಪೆನ್‌ಡ್ರೈವಿನ ಫ್ಯಾಟ್ ಪದ್ಧತಿಯಲ್ಲಿ ಬೇರೆ ಥರ. ಅಲ್ಲಿ ಹೆಸರಿನ ಮೊದಲ ಅಕ್ಷರದ ಜಾಗಕ್ಕೆ ಇ5 ಎಂಬ ಗುರುತು ಬೀಳುತ್ತದೆ. ಹಾಗೆ ಎತ್ತಿದ ಫೈಲುಗಳ ಹೆಸರಿಗೆ ಎಷ್ಟೋ ಸಲ ತಲೆಯೇ ಇರುವುದಿಲ್ಲ. ಮೊದಲಕ್ಷರ ಒಂದನ್ನು ಕಿತ್ತು ಇಡೀ ಫೈಲನ್ನು ಇಲ್ಲವಾಗಿಸುವ ಪದ್ಧತಿ. ನಮ್ಮ ಹುಡುಗನೂ ಮೊದಲಕ್ಷರದಲ್ಲೇ ಎಡವಿದ್ದು!

ಇನ್ನೊಂದು, ಪಟ್ಟಿಯೇ ಹೋದಾಗ. ಆಗ ಫೋಟೋರೆಕ್ ಥರದ ಸಾಫ್ಟ್‌ವೇರ್ ಡಿಸ್ಕಿನ ಉದ್ದಕ್ಕೂ ನೋಡುತ್ತಾ ಹೋಗುತ್ತದೆ. ಜೆಪೆಗ್ ಫೋಟೋ ಎಲ್ಲವೂ ಎಫ್‌ಎಫ್ ಡಿ8 ಎಂಬ ಒಂದೇ ಗುರುತಿನಿಂದ ಶುರುವಾಗುತ್ತವೆ. ಆ ತಲೆ ಕಂಡಲ್ಲಿ ಅಲ್ಲಿಂದ ಬಾಚಿಕೊಳ್ಳುವುದು. ಹೆಸರು ಸಿಗುವುದಿಲ್ಲ, ಬರೀ ಎಫ್ ಮತ್ತು ನಂಬರು. ಇದಕ್ಕೆ ಕರಾವಳಿಯ 'ಹೆಕ್ಕು' ಸರಿಯಾದೀತೇ? ಗದ್ದೆಯಲ್ಲಿ ಉದುರಿದ ಕದಿರು ಹೆಕ್ಕುವ ಹಾಗೆ. ಪಟ್ಟಿ ಇದ್ದರೆ ಎತ್ತು, ಇಲ್ಲದಿದ್ದರೆ ಹೆಕ್ಕು. ಘಟ್ಟದ ಮೇಲಿನವರು 'ಹೆಕ್ಕು' ಅಂದರೆ ತಿಳಿಯುತ್ತೀರಾ, ಅಥವಾ 'ಆಯು' ಬೇಕಾ?

ಹೆಕ್ಕಿದ ಫೋಟೋಗಳಲ್ಲಿ ಒಂದನ್ನು ನಾನು ಮರೆಯುವುದಿಲ್ಲ. ಮೇಲಿನ ಅರ್ಧದಲ್ಲಿ ವೇಷದವರ ಕಿರೀಟ, ಹಣೆಯ ನಾಮ, ಒಂದು ಕಣ್ಣು. ಮೂಗಿನ ಹತ್ತಿರ ನೇರ ಗೆರೆ. ಅದರ ಕೆಳಗೆ ಬೇರೆ ಯಾವುದೋ ಫೋಟೋದ ಮೇಜು, ಅದರ ಮೇಲೆ ಎರಡು ಸೋಡಾ ಬಾಟಲಿ. ಇನ್ನು ಹತ್ತಿಪ್ಪತ್ತು ಫೋಟೋಗಳಲ್ಲಿ ಕೆಳಗೆಲ್ಲ ಬರೀ ಬೂದು. ಹುಡುಗ ಇಳಿಸಿದ ಸಾಫ್ಟ್‌ವೇರು ಮತ್ತು ನೋಡಿದ ವಿಡಿಯೋದ ಚೂರುಗಳು ಅಲ್ಲಿ ಹೋಗಿ ಕೂತಿದ್ದವು. ಇವುಗಳನ್ನು ಏನೆನ್ನುವುದು? ಇದಕ್ಕೆ ಮಾತ್ರ ನನ್ನ ಹತ್ತಿರ ಪದ ಇದೆ: 'ಅಳಿದುಳಿದ'. ದಿನಾ ಬಳಸುತ್ತೇವೆ, ಅಳಿದುಳಿದ ಅನ್ನ, ಅಳಿದುಳಿದ ಸಾಮಾನು ಅಂತ. ಒಳಗೆ ಅಳಿಯುವುದೂ ಉಳಿಯುವುದೂ ಭುಜಕ್ಕೆ ಭುಜ ತಾಗಿಸಿ ಕೂತಿವೆ ಅಂತ ಯಾರು ಗಮನಿಸುತ್ತಾರೆ? ಆ ಫೋಲ್ಡರಿಗೆ ಅದೇ ಹೆಸರಿಟ್ಟಿದ್ದೇನೆ.

ಈಗ ನಿಜವಾದ ತೊಡಕು. ಅಳಿಯುವುದು ನಿಜವಾಗಿ ಯಾವಾಗ? ಅದರ ಮೇಲೆ ಬೇರೆ ಬರೆದಾಗ. ಓವರ್‌ರೈಟ್ ಅನ್ನುತ್ತಾರಲ್ಲ, ಅದು. ನಾನು ಹಾಳೆಯಲ್ಲಿ ಬರೆದೆ: 'ಫೈಲ್ ಹೋದ ಮೇಲೆ ಡಿಸ್ಕಿನಲ್ಲಿ ಏನೂ ಮಾಡಬೇಡಿ, ಅದರ ಮೇಲೆ ಬರೆದರೆ ಸಿಗುವುದಿಲ್ಲ.' ದೊಡ್ಡಪ್ಪ ಒಪ್ಪಲಿಲ್ಲ. "ಮೇಲೆ ಬರೆದ್ರೆ ಹೋಗೋದು ಹೇಗೆ? ಗಟ್ಟಿ ಆಗಬೇಕಲ್ಲ." ಅವರ ಮನಸ್ಸಿನಲ್ಲಿದ್ದದ್ದು ಅಕ್ಷರ ತಿದ್ದುವುದು. ಐಗಳು ಮರಳಿನ ಮೇಲೆ ಬರೆದುಕೊಟ್ಟ ಅ ಮೇಲೆ ಬೆರಳಿಟ್ಟು ತಿದ್ದಿದಷ್ಟೂ ಅಕ್ಷರ ದಪ್ಪವಾಗುತ್ತಿತ್ತು. ಪಾಟಿಯಲ್ಲೂ ಅಷ್ಟೇ. ಕನ್ನಡದಲ್ಲಿ ಮೇಲೆ ಬರೆಯುವುದು ಕಲಿಯುವ ದಾರಿ, ಕಳೆಯುವ ದಾರಿ ಅಲ್ಲ. 'ಮೇಲ್ಬರಹ' ಅಂದರೆ ತಲೆಬರಹ ಆಗಿಬಿಡುತ್ತದೆ. 'ಮುಚ್ಚು' ಅಂದರೆ ಮುಚ್ಚಳ ತೆಗೆದರೆ ಸಿಗುತ್ತದೆ ಅನ್ನಿಸುತ್ತದೆ.

ಹಾಗಂತ ಬರೆದು ಒರೆಸಿ ಮತ್ತೆ ಬರೆಯುವುದು ನಮಗೆ ಹೊಸದೇನಲ್ಲ. ಸರ್ಕಾರಿ ಕನ್ನಡದಲ್ಲಿ ಫೈಲಿಗೆ 'ಕಡತ' ಅನ್ನುತ್ತೇವೆ. ಹಿಂದೆ ಕಡತ ಅಂದರೆ ಕಾಗದವೇ ಅಲ್ಲ. ಉದ್ದನೆಯ ಬಟ್ಟೆಗೆ ಹುಣಸೆಬೀಜದ ಅಂಟು, ಇದ್ದಿಲ ಪುಡಿ ಬಳಿದು ಕಪ್ಪು ಮಾಡಿ, ಬಳಪದಲ್ಲಿ ಬರೆದು ಮಡಚಿ ಇಡುತ್ತಿದ್ದರು. ಶೃಂಗೇರಿ ಮಠದಲ್ಲಿ ಇಂಥ ಕಡತಗಳಿವೆ. ಮೈಸೂರಿನ ಚರಿತ್ರೆ ಬರೆದ ಮಾರ್ಕ್ ವಿಲ್ಕ್ಸ್ 1810ರಲ್ಲಿ, ವ್ಯಾಪಾರಿಗಳು ಆಗಲೂ ಇದನ್ನೇ ಬಳಸುತ್ತಿದ್ದರು, ಪಾಟಿಯ ಹಾಗೆ ಒರೆಸಬಹುದಿತ್ತು ಅಂತ ಹೇಳಿದ್ದಾನೆ. ಅಂದರೆ ಮೂಲದಲ್ಲೇ ಕಡತ ಒರೆಸಿ ಬರೆಯುವ ವಸ್ತು. ಹಾರ್ಡ್ ಡಿಸ್ಕಿಗೆ ಇದಕ್ಕಿಂತ ಹತ್ತಿರದ ನೆಂಟ ಬೇಕಾ? ಕಡತದ ಅಂಗಡಿಕಾರರು ಹಳೇ ಲೆಕ್ಕದ ಜಾಗದಲ್ಲಿ ಹೊಸ ಲೆಕ್ಕ ಬರೆಯುವುದಕ್ಕೆ ಏನೋ ಒಂದು ಪದ ಬಳಸಿರಲೇಬೇಕು. ಮನೆಯಲ್ಲಿ ಹಳೇ ವ್ಯಾಪಾರದ ಮಾತು ಕೇಳಿ ಬೆಳೆದವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ.

ಒಂದು ಮಾತು 'ಅಳಿಸು' ಪರವಾಗಿಯೂ ಹೇಳಬೇಕು. ಇದುವರೆಗೆ ಹೇಳಿದ್ದೆಲ್ಲ ತಿರುಗುವ ಹಾರ್ಡ್ ಡಿಸ್ಕಿನ ಮಾತು. ಈಗಿನ ಲ್ಯಾಪ್‌ಟಾಪಿನ ಎಸ್‌ಎಸ್‌ಡಿಯಲ್ಲಿ, ಅಂದರೆ ತಿರುಗುವ ಭಾಗವಿಲ್ಲದ ಚಿಪ್ ಡಿಸ್ಕಿನಲ್ಲಿ, ಟ್ರಿಮ್ ಅಂತ ಒಂದು ಏರ್ಪಾಡಿದೆ. ವಿಂಡೋಸಿನಲ್ಲಿ ಅದು 2009ರ ವಿಂಡೋಸ್ 7ರಿಂದ ಬಂದದ್ದು. ಫೈಲ್ ತೆಗೆದ ಕೂಡಲೇ 'ಈ ಜಾಗ ಇನ್ನು ಬೇಡ' ಅಂತ ಡಿಸ್ಕಿಗೇ ಹೇಳಿಬಿಡುತ್ತದೆ, ಡಿಸ್ಕ್ ತನ್ನ ಬಿಡುವಿನಲ್ಲಿ ಆ ಜಾಗವನ್ನು ಗುಡಿಸಿ ಹಾಕುತ್ತದೆ. ಅಲ್ಲಿ ಪಾತಾಳಗರಡಿ ಇಳಿಸಿದರೆ ಸಾಮಾನ್ಯವಾಗಿ ಬರೀ ಸೊನ್ನೆ ಬರುತ್ತದೆ. ಹಾಗಾಗಿ ಹಳೇ ಡಿಸ್ಕಿನಲ್ಲಿ ಸುಳ್ಳಾದ ಪದ ಹೊಸ ಡಿಸ್ಕಿನಲ್ಲಿ ನಿಜ. ಸಂಘದ ಕಂಪ್ಯೂಟರ್ ಬದಲಾದ ದಿನ ನನ್ನ ಹಾಳೆಯನ್ನೂ ಬದಲಾಯಿಸಬೇಕು.

ಸದ್ಯಕ್ಕೆ ಹಾಳೆ ಹೀಗಿದೆ. 'ಫೈಲ್ ಹೊಡೆದುಹೋದರೆ ಗಾಬರಿ ಬೇಡ. ಕೂಡಲೇ ಕಂಪ್ಯೂಟರ್ ಆರಿಸಿ. ಸುಮ್ನೆ ಆನ್ ಇದ್ದರೂ ಅದು ಒಳಗೆ ಏನಾದರೂ ಬರೆಯುತ್ತಾ ಇರುತ್ತದೆ. ಎತ್ತಿದ ಫೈಲನ್ನು ಅದೇ ಡಿಸ್ಕಿಗೆ ಹಾಕಬೇಡಿ, ಬೇರೆ ಡಿಸ್ಕಿಗೆ ಹಾಕಿ.' ಓವರ್‌ರೈಟ್ ಬರಬೇಕಾದ ಸಾಲಿನಲ್ಲಿ ಲ್ಯಾಮಿಂಗ್ಟನ್ ರೋಡಿನವನ 'ಡಾಲಾ' ನೆನಪಾಗಿ, 'ಆ ಜಾಗಕ್ಕೆ ಬೇರೆ ತುಂಬಬೇಡಿ' ಅಂತ ಪೆನ್ಸಿಲಿನಲ್ಲಿ ಬರೆದಿದ್ದೇನೆ. ದೊಡ್ಡಪ್ಪ ಅದನ್ನು ಓದಿ, "ತುಂಬು ಸಾಕು, ಆದ್ರೆ ತುಂಬಿದ್ದನ್ನು ಖಾಲಿ ಮಾಡ್ಬಹುದಲ್ಲ" ಅಂದಿದ್ದಾರೆ. ನಿಮ್ಮ ಕಡೆ ಬೇರೆ ಪದ ಇದ್ದರೆ ಬರೆಯಿರಿ, ಪೆನ್ನಿನಲ್ಲಿ ತಿದ್ದುತ್ತೇನೆ.