ಎತ್ತರದಲ್ಲಿ ಗಡಿಯಾರ ಹಿಂದೆ ಬೀಳುತ್ತದೆಯೋ, ಮುಂದೆ ಓಡುತ್ತದೆಯೋ?

ಪ್ರಶ್ನೆ:
ನಮಸ್ಕಾರ. ನಾನು ಪಿಯುಸಿ ವಿದ್ಯಾರ್ಥಿಗಳಿಗೆ ಭೌತಶಾಸ್ತ್ರ ಕಲಿಸುತ್ತೇನೆ. ಮೇಲೆ ಹೋದಂತೆ ಗುರುತ್ವ ಕುಗ್ಗುವುದರಿಂದ ಲೋಲಕದ ಗಡಿಯಾರ ಹಿಂದೆ ಬೀಳುತ್ತದೆ ಎಂದು ಪಾಠ ಮಾಡುತ್ತೇವೆ. ಐನ್‌ಸ್ಟೈನರ ಸಿದ್ಧಾಂತವಾದರೋ ಎತ್ತರದಲ್ಲಿರುವ ಗಡಿಯಾರ ಮುಂದೆ ಓಡುತ್ತದೆ ಎನ್ನುತ್ತದೆ. ಇವೆರಡರಲ್ಲಿ ಯಾವುದು ನಿಜ ಎಂದು ವಿದ್ಯಾರ್ಥಿನಿಯೊಬ್ಬಳು ಕೇಳಿದ್ದಾಳೆ. ಹೇಗೆ ವಿವರಿಸಲಿ?

ಉತ್ತರ:
ಎರಡೂ ನಿಜ. ಮೊದಲನೆಯದು ಯಂತ್ರಕ್ಕೆ ಸಂಬಂಧಿಸಿದ್ದು, ಎರಡನೆಯದು ಕಾಲಕ್ಕೇ ಸಂಬಂಧಿಸಿದ್ದು. 1672ರಲ್ಲಿ ಫ್ರಾನ್ಸಿನ ಖಗೋಳಜ್ಞ ಜಾನ್ ರಿಷೆ ದಕ್ಷಿಣ ಅಮೆರಿಕದಲ್ಲಿ ಸಮಭಾಜಕದ ಬಳಿ, ಗುರುತ್ವ ಕೊಂಚ ಕಡಿಮೆಯಿರುವ ಕಯೆನ್‌ಗೆ ಹೋದಾಗ, ಪ್ಯಾರಿಸ್ಸಿನ ಅಳತೆಯ ಲೋಲಕ ಅಲ್ಲಿ ದಿನಕ್ಕೆ ಸುಮಾರು ಎರಡೂವರೆ ನಿಮಿಷ ಹಿಂದೆ ಬೀಳುವುದನ್ನು ಕಂಡರು. ಭೂಮಿ ಧ್ರುವಗಳ ಬಳಿ ಚಪ್ಪಟೆಯಾಗಿದೆ ಎಂಬ ವಾದಕ್ಕೆ ನ್ಯೂಟನ್ ಇದನ್ನೇ ಆಧಾರವಾಗಿಸಿಕೊಂಡರು. ಲೋಲಕವನ್ನು ತೂಗಿಸುವುದೇ ಗುರುತ್ವವಾದ್ದರಿಂದ ಅದು ಕಾಲದ ಜೊತೆಗೆ ಗುರುತ್ವವನ್ನೂ ಅಳೆಯುತ್ತದೆ. ಬೆಟ್ಟದ ಸ್ವಂತ ಸೆಳೆತವನ್ನು ಬಿಟ್ಟು ಲೆಕ್ಕ ಹಾಕಿದರೆ, ಒಂದು ಕಿಲೋಮೀಟರ್ ಎತ್ತರದಲ್ಲಿ ಲೋಲಕ ದಿನಕ್ಕೆ ಸುಮಾರು 13.5 ಸೆಕೆಂಡ್ ಕಳೆದುಕೊಳ್ಳುತ್ತದೆ; ಅಲ್ಲಿ ಕಾಲ ಗಳಿಸುವುದು ಸುಮಾರು 9 ನ್ಯಾನೊಸೆಕೆಂಡ್ ಮಾತ್ರ.

ಪ್ರಶ್ನೆ ಕೇಳಿದವರು:
ಧನ್ಯವಾದಗಳು ಸರ್. ಆದರೆ ಆ ಗಳಿಕೆಯನ್ನು ಅಳೆಯುವ ಪರಮಾಣು ಗಡಿಯಾರವೂ ಯಂತ್ರವೇ ಅಲ್ಲವೇ? ಅದರ ಓಟವನ್ನೂ ಗುರುತ್ವ ಬದಲಿಸಿದೆ ಎಂದಷ್ಟೇ ಏಕೆ ಹೇಳಬಾರದು?

ಇನ್ನೊಂದು ಉತ್ತರ:
ನಿಮ್ಮ ಈ ಪ್ರಶ್ನೆಯನ್ನು ತರಗತಿಯಲ್ಲಿಯೂ ಎತ್ತಬೇಕೆಂದು ಕೋರುತ್ತೇನೆ, ಏಕೆಂದರೆ ವಿಷಯದ ತಿರುಳು ಇಲ್ಲಿಯೇ ಇದೆ. ವಿಜ್ಞಾನಿಗಳಾದ ಪೌಂಡ್ ಮತ್ತು ರೆಬ್ಕಾ 1960ರಲ್ಲಿ ಹಾರ್ವರ್ಡ್‌ನಲ್ಲಿ 22.5 ಮೀಟರ್ ಅಂತರದಲ್ಲಿ ಕಬ್ಬಿಣದ ನ್ಯೂಕ್ಲಿಯಸ್ ಸೂಸುವ ಗಾಮಾ ಕಿರಣಗಳ ಕಂಪನದ ಗತಿಯನ್ನು ಹೋಲಿಸಿದರು. 2010ರಲ್ಲಿ ಅಮೆರಿಕದಲ್ಲಿ ಅಲ್ಯೂಮಿನಿಯಂ ಅಯಾನಿನ ಗಡಿಯಾರವನ್ನು ಕೇವಲ 33 ಸೆಂಟಿಮೀಟರ್ ಮೇಲೆತ್ತಿ ನೋಡಿದರು. 2020ರಲ್ಲಿ ಟೋಕಿಯೊ ಸ್ಕೈಟ್ರೀ ಗೋಪುರದಲ್ಲಿ 450 ಮೀಟರ್ ಅಂತರದಲ್ಲಿ ಸ್ಟ್ರಾನ್ಷಿಯಂ ಗಡಿಯಾರಗಳನ್ನು ಹೋಲಿಸಿದ ಫಲಿತಾಂಶ ಪ್ರಕಟವಾಯಿತು. ರಚನೆಯಲ್ಲಿ ಒಂದಕ್ಕೊಂದು ಸಂಬಂಧವಿಲ್ಲದ ಇವೆಲ್ಲವೂ, ತಮ್ಮ ನಿಖರತೆಯ ಮಿತಿಯೊಳಗೆ, ಸಿದ್ಧಾಂತ ಹೇಳುವ ಒಂದೇ ಪ್ರಮಾಣವನ್ನು ತೋರಿಸಿದವು. ಗುರುತ್ವ ಯಂತ್ರವನ್ನು ಕೆಡಿಸುತ್ತಿದ್ದರೆ ಒಂದೊಂದು ಯಂತ್ರ ಒಂದೊಂದು ಬಗೆಯಲ್ಲಿ ಕೆಡಬೇಕಿತ್ತು.

ಇನ್ನೊಂದು ಸಂಗತಿ: ಕಾಲದ ಗತಿ ಆ ಸ್ಥಳದ ಸೆಳೆತದ ಬಲವನ್ನಲ್ಲ, ಗುರುತ್ವ ವಿಭವವನ್ನು (ಅಲ್ಲಿಂದ ಭೂಮಿಯ ಸೆಳೆತ ಮೀರಿ ದೂರ ಹೋಗಲು ಎಷ್ಟು ಶಕ್ತಿ ಬೇಕೆಂಬುದನ್ನು ತಿಳಿಸುವ ಅಳತೆ) ಅವಲಂಬಿಸಿದೆ. ಭೂಕೇಂದ್ರದಲ್ಲಿ ಸೆಳೆತ ಸೊನ್ನೆ. ಆದರೂ ಭೂಮಿಯಲ್ಲಿ ಕಾಲ ಅತಿ ನಿಧಾನವಾಗಿ ಸಾಗುವುದು ಅಲ್ಲಿಯೇ. ಆದ್ದರಿಂದ ಭೂಕೇಂದ್ರದ ವಯಸ್ಸು ಮೇಲ್ಮೈಗಿಂತ ಸುಮಾರು ಎರಡೂವರೆ ವರ್ಷ ಕಡಿಮೆ ಎಂದು ಲೆಕ್ಕ ಹಾಕಲಾಗಿದೆ.

ಮತ್ತೊಂದು ಉತ್ತರ:
ಅಳತೆಯ ಬಗ್ಗೆ ಒಂದು ಮಾತು ಸೇರಿಸುತ್ತೇನೆ. ಸೀಸಿಯಂ ಪರಮಾಣುವಿನ 9,192,631,770 ಕಂಪನಗಳೇ ಎಲ್ಲೆಡೆಯೂ ಒಂದು ಸೆಕೆಂಡ್. ಆದರೆ ಬೇರೆ ಬೇರೆ ಎತ್ತರಗಳ ಸೆಕೆಂಡುಗಳನ್ನು ಹೋಲಿಸಿದಾಗ ಅವು ಹೊಂದುವುದಿಲ್ಲ. ಆದ್ದರಿಂದಲೇ 1977ರಿಂದ ಅಂತರರಾಷ್ಟ್ರೀಯ ಪರಮಾಣು ಕಾಲವನ್ನು ಸಮುದ್ರಮಟ್ಟಕ್ಕೆ ಸರಿಹೊಂದಿಸಲಾಗುತ್ತಿದೆ. ಬೆಳಕಿನ ವೇಗದ ಸಂಕೇತಗಳ ಸಮಯದಿಂದ ಸ್ಥಾನ ಗುರುತಿಸಲು ನೆರವಾಗುವ ನಮ್ಮ ದೇಶದ ನಾವಿಕ್ ಉಪಗ್ರಹಗಳು ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿವೆ. ವೇಗವಾಗಿ ಚಲಿಸುವ ಗಡಿಯಾರ ನಿಧಾನವಾಗುವುದರಿಂದ ಆಗುವ ನಷ್ಟವನ್ನು ಕಳೆದ ಮೇಲೂ ಅಲ್ಲಿನ ಗಡಿಯಾರ ದಿನಕ್ಕೆ 46 ಮೈಕ್ರೊಸೆಕೆಂಡ್‌ಗಿಂತ ಸ್ವಲ್ಪ ಹೆಚ್ಚು ಮುಂದೆ ಓಡುತ್ತದೆ, ಅಷ್ಟರಲ್ಲಿ ಬೆಳಕು ಸುಮಾರು 14 ಕಿಲೋಮೀಟರ್ ಸಾಗಿರುತ್ತದೆ. ಈ ವ್ಯವಸ್ಥೆಯ ಕಾಲವನ್ನು ನಿರ್ವಹಿಸುವ ಕೇಂದ್ರ ಬೆಂಗಳೂರಿನ ಸಮೀಪದ ಬ್ಯಾಲಾಳುವಿನಲ್ಲಿದೆ ಎಂಬುದನ್ನೂ ವಿದ್ಯಾರ್ಥಿನಿಗೆ ತಿಳಿಸಿ.