ಪಾರ್ಕಿಂಗ್ ಕಂಬಗಳಿಗೆ ಬಣ್ಣ ಬಳಿಯುವ ಮುನ್ನ ಪರೀಕ್ಷೆ ಮಾಡಿಸೋಣ

ಎ-302
ಎಲ್ಲರಿಗೂ ನಮಸ್ಕಾರ. ಆರೂ ಕಟ್ಟಡಗಳ ಪಾರ್ಕಿಂಗ್ ಮಹಡಿಗೆ ಗಾರೆ ಹಚ್ಚಿ ಬಣ್ಣ ಬಳಿಯಲು ಸಂಘ ಹೊರಟಿದೆ. ಆ ಕೆಲಸವನ್ನು ದಯವಿಟ್ಟು ಸದ್ಯಕ್ಕೆ ನಿಲ್ಲಿಸಿ. ಕಟ್ಟಡ ವಿನ್ಯಾಸವೇ ನನ್ನ ವೃತ್ತಿಯಾದ್ದರಿಂದ ಸುಮ್ಮನಿರಲು ಮನಸ್ಸು ಒಪ್ಪುತ್ತಿಲ್ಲ.

ಎ ಕಟ್ಟಡದ ಸಂಪಿನ ಪಕ್ಕದ ಕಂಬವನ್ನು ಒಮ್ಮೆ ಕುಳಿತು ನೋಡಿ. ಮೊಣಕಾಲೆತ್ತರದಲ್ಲಿ ಮೂಲೆಯುದ್ದಕ್ಕೂ ಬಿರುಕು ಹೋಗಿದೆ. ಬೆರಳಿಂದ ಒತ್ತಿದರೆ ಗಾರೆ ಉದುರಿ, ಒಳಗಿನ ಸರಳು ತುಕ್ಕು ಹಿಡಿದು ಪದರ ಪದರವಾಗಿ ಎದ್ದಿರುವುದು ಕಾಣುತ್ತದೆ. ಉಪ್ಪು ಗಾಳಿಯ ಊರಿನಲ್ಲಿ ತುಕ್ಕು ಹೊಸದಲ್ಲ. ನನ್ನನ್ನು ಹೆಚ್ಚು ಕಾಡುತ್ತಿರುವುದು ಅಲ್ಲೇ ಕಾಣುವ, ಉದ್ದ ಸರಳುಗಳನ್ನು ಸುತ್ತಿ ಹಿಡಿಯುವ ರಿಂಗ್‌ಗಳು. ಒಂದಕ್ಕೂ ಮತ್ತೊಂದಕ್ಕೂ ಹೆಚ್ಚುಕಡಿಮೆ ಒಂದು ಗೇಣಿನ ಅಂತರವಿದೆ, ರಿಂಗ್ ತುದಿಯ ಕೊಕ್ಕೆಯನ್ನು ಬರೀ ಲಂಬಕೋನಕ್ಕೆ ಬಾಗಿಸಿ ಬಿಟ್ಟಿದ್ದಾರೆ. 1993ರಲ್ಲೇ ಬಂದ, ಭೂಕಂಪ ತಾಳುವಂತೆ ಸರಳು ಜೋಡಿಸುವ ಭಾರತೀಯ ಮಾನಕ ಐಎಸ್ 13920ರ ಪ್ರಕಾರ ಕಂಬದ ಬುಡ ಮತ್ತು ತಲೆಯ ಭಾಗದಲ್ಲಿ, ಕನಿಷ್ಠ 450 ಮಿ.ಮೀ. ಉದ್ದಕ್ಕೆ, ರಿಂಗ್‌ಗಳ ಅಂತರ 100 ಮಿ.ಮೀ. ಮೀರಬಾರದು. ಕೊಕ್ಕೆ 135 ಡಿಗ್ರಿ ಬಾಗಿ ಕಾಂಕ್ರೀಟಿನ ಒಡಲೊಳಗೆ ಹೊಕ್ಕಿರಬೇಕು. ನೆಲ ಅಲುಗಿದಾಗ ಕಂಬದ ಹೊರಗಿನ ಕಾಂಕ್ರೀಟು ಮೊದಲು ಕಳಚಿ ಬೀಳುತ್ತದೆ. ಆಗ ಲಂಬಕೋನದ ಕೊಕ್ಕೆ ಬಿಚ್ಚಿಕೊಳ್ಳುತ್ತದೆ, ಹಿಡಿತ ತಪ್ಪಿದ ಉದ್ದ ಸರಳುಗಳು ಹೊರಕ್ಕೆ ಬಾಗುತ್ತವೆ, ಒಳಗಿನ ಕಾಂಕ್ರೀಟು ಪುಡಿಯಾಗುತ್ತದೆ. ಇದರ ಮೇಲೆ ಬಣ್ಣ ಬಳಿದರೆ ಮುಂದೆ ಪರೀಕ್ಷಿಸುವವರಿಗೆ ಬಿರುಕೂ ಕಾಣುವುದಿಲ್ಲ.

ಸಿ-101
ಮೇಡಂ, ನಿಮ್ಮ ಕಾಳಜಿ ಅರ್ಥವಾಗುತ್ತದೆ. ಆದರೆ ಮಂಗಳೂರಿನಲ್ಲಿ ಭೂಕಂಪ ಎಲ್ಲಿಂದ ಬರಬೇಕು? ತುಕ್ಕು ಹಿಡಿದ ಕಂಬಗಳನ್ನು ಗುತ್ತಿಗೆದಾರರೇ ಸರಿಪಡಿಸಿ ಕೊಡುತ್ತೇನೆ ಎಂದಿದ್ದಾರೆ. ದೊಡ್ಡ ಖರ್ಚಿಗೆ ಇಲ್ಲಿ ಎಲ್ಲರೂ ಸಿದ್ಧರಿಲ್ಲ.

ಎ-302
ನ್ಯಾಯವಾದ ಪ್ರಶ್ನೆ. ಭೂಕಂಪ ವಿನ್ಯಾಸದ ಮಾನಕ ಐಎಸ್ 1893ರ 2016ರ ಆವೃತ್ತಿಯ ಭೂಕಂಪ ವಲಯಗಳ ನಕ್ಷೆಯಲ್ಲಿ ಬೆಂಗಳೂರು ಎರಡನೇ ವಲಯದಲ್ಲಿದೆ, ಮಂಗಳೂರು ಮತ್ತು ಕಾರವಾರ ಮೂರನೇ ವಲಯದಲ್ಲಿವೆ. ಅಪಾಯದಲ್ಲಿ ನಾವು ಬೆಂಗಳೂರಿಗಿಂತ ಒಂದು ಮೆಟ್ಟಿಲು ಮೇಲಿದ್ದೇವೆ. 2022ರ ಜೂನ್ ಕೊನೆಯಲ್ಲಿ ಸುಳ್ಯ, ಸಂಪಾಜೆ, ಚೆಂಬು ಕಡೆ ಮನೆಯ ಪಾತ್ರೆಗಳು ಅಲುಗಾಡಿದ್ದು ಹಲವರಿಗೆ ನೆನಪಿರಬಹುದು. ಅವು ಸಣ್ಣ ಕಂಪನಗಳು, ಅವುಗಳಿಂದ ನಮ್ಮ ಕಟ್ಟಡ ಬೀಳುವುದಿಲ್ಲ, ಹೆದರಿಸುವುದು ನನ್ನ ಉದ್ದೇಶವೂ ಅಲ್ಲ. ಆದರೆ ಅಹಮದಾಬಾದ್ ಕೂಡ ಇದೇ ಮೂರನೇ ವಲಯದ ಊರು. 2001ರ ಜನವರಿ 26ರ ಭುಜ್ ಭೂಕಂಪದ ಕೇಂದ್ರ ಅಲ್ಲಿಂದ ಇನ್ನೂರು ಕಿಲೋಮೀಟರಿಗೂ ದೂರವಿತ್ತು. ಆದರೂ ಆ ನಗರದಲ್ಲಿ 700ಕ್ಕೂ ಹೆಚ್ಚು ಜನ ಸತ್ತರು. ಕುಸಿದ ಬಹುಮಹಡಿ ಕಟ್ಟಡಗಳಲ್ಲಿ ಹೆಚ್ಚಿನವು ನಮ್ಮವುಗಳಂತೆಯೇ ಕೆಳಗೆ ತೆರೆದ ಪಾರ್ಕಿಂಗ್, ಮೇಲೆ ಮನೆಗಳು ಇದ್ದಂಥವು.

ಡಿ-203
ಆ ದಿನ ನಾನು ಅಹಮದಾಬಾದಿನಲ್ಲಿದ್ದೆ, ಬ್ಯಾಂಕಿನ ವರ್ಗಾವಣೆಯ ಮೇಲೆ. ಗಣರಾಜ್ಯೋತ್ಸವದ ಬೆಳಿಗ್ಗೆ, ಒಂಬತ್ತಕ್ಕೆ ಇನ್ನೂ ಸ್ವಲ್ಪ ಹೊತ್ತಿತ್ತು. ನಮ್ಮ ಬೀದಿಯ ತುದಿಯ ಕಟ್ಟಡ ಉರುಳಲಿಲ್ಲ, ನೇರವಾಗಿ ಕೆಳಗೆ ಕುಳಿತುಬಿಟ್ಟಿತು. ಮೊದಲ ಮಹಡಿಯ ಬಾಲ್ಕನಿ ರಸ್ತೆಯ ಮಟ್ಟಕ್ಕೆ ಬಂದಿತ್ತು, ತಂತಿಯ ಮೇಲೆ ಒಣಗಲು ಹಾಕಿದ್ದ ಸೀರೆ ಹಾಗೆಯೇ ಇತ್ತು. ಪಾರ್ಕಿಂಗ್ ಇದ್ದ ಜಾಗದಲ್ಲಿ ಸ್ಕೂಟರುಗಳ ಹ್ಯಾಂಡಲ್ ಮಾತ್ರ ಹೊರಗೆ ಕಾಣುತ್ತಿತ್ತು. ಎ-302ರವರು ಹೇಳುತ್ತಿರುವುದನ್ನು ದಯವಿಟ್ಟು ಕೇಳಿ.

ಬಿ-401
ಓದಿ ನಿದ್ದೆ ಬರಲಿಲ್ಲ. ಒಂದು ಸಲಹೆ: ಕಂಬಗಳ ನಡುವೆ ನಾಲ್ಕು ಅಡಿ ಎತ್ತರಕ್ಕೆ ಕೆಂಪುಕಲ್ಲಿನ ಗೋಡೆ ಕಟ್ಟಿಸಿದರೆ ಬಲ ಬರುವುದಿಲ್ಲವೇ? ಗಾಳಿ ಬೆಳಕಿಗೂ ಅಡ್ಡಿಯಿಲ್ಲ, ಖರ್ಚೂ ಕಡಿಮೆ.

ಎ-302
ಅದನ್ನು ಮಾತ್ರ ಯಾರೂ ಮಾಡಿಸಬೇಡಿ. ನೋಡಲು ಬಲವೆನಿಸಿದರೂ ಅದರಿಂದ ಅಪಾಯವೇ ಹೆಚ್ಚು. ಗೋಡೆ ಹಿಡಿದುಕೊಂಡ ಭಾಗ ಅಲುಗಾಡಲಾರದು, ಕಂಬಕ್ಕೆ ಬಾಗಲು ಮೇಲಿನ ತುಂಡು ಮಾತ್ರ ಉಳಿಯುತ್ತದೆ. ಬಾಗುವ ಉದ್ದ ಅರ್ಧವಾದರೆ ಕಂಬದ ಬಿಗುವು ಎಂಟು ಪಟ್ಟಾಗುತ್ತದೆ, ಬಿಗುವಾದ ಕಂಬ ಅಷ್ಟೇ ಹೆಚ್ಚು ಬಲವನ್ನು ತನ್ನತ್ತ ಎಳೆದುಕೊಳ್ಳುತ್ತದೆ. ಆ ಗಿಡ್ಡ ತುಂಡು ಕತ್ತರಿಯಾಕಾರದಲ್ಲಿ ಸೀಳಿಹೋಗುತ್ತದೆ. ಇ ಕಟ್ಟಡದಲ್ಲಿ ಸೈಕಲ್ ನಿಲ್ಲಿಸಲು ಈಗಾಗಲೇ ಅಂಥ ಎರಡು ಗೋಡೆಗಳಿವೆ, ಅವುಗಳ ಬಗ್ಗೆಯೂ ಕೇಳಬೇಕು.

ಮೂಲ ತೊಂದರೆ ಇಷ್ಟು. ಮೇಲಿನ ನಾಲ್ಕು ಮಹಡಿಗಳಲ್ಲಿ ಗೋಡೆಗಳು ತುಂಬಿವೆ, ಆದ್ದರಿಂದ ಅವು ಒಟ್ಟಾಗಿ ಗಟ್ಟಿ ಪೆಟ್ಟಿಗೆಯಂತೆ ಚಲಿಸುತ್ತವೆ. ಕೆಳಗೆ ಬರೀ ಕಂಬಗಳು. ಇಡೀ ಕಟ್ಟಡದ ಓಲಾಟ ಆ ಒಂದೇ ಮಹಡಿಯಲ್ಲಿ ನಡೆಯಬೇಕು. ಭುಜ್‌ನ ನಂತರ, 2002ರಲ್ಲಿ, ಇಂಥ ಮಹಡಿಯ ಕಂಬ-ತೊಲೆಗಳನ್ನು ಎರಡೂವರೆ ಪಟ್ಟು ಬಲಕ್ಕೆ ವಿನ್ಯಾಸಗೊಳಿಸಬೇಕೆಂದು ಅದೇ ಐಎಸ್ 1893 ಮಾನಕ ಹೇಳಿತು. ನಮ್ಮ ಕಂಬಗಳ ಗಾತ್ರ ನೋಡಿದರೆ ಯಾರೂ ಆ ಲೆಕ್ಕ ಹಾಕಿದಂತೆ ನನಗೆ ಅನಿಸುವುದಿಲ್ಲ. ನಕ್ಷೆ ಕೈಗೆ ಬಂದ ಮೇಲೆ ಖಚಿತವಾಗಿ ಹೇಳಬಹುದು.

ದಾರಿಗಳಿವೆ. ಆಯ್ದ ಕಂಬಗಳ ನಡುವೆ ಬುನಾದಿಯಿಂದಲೇ ಎದ್ದ ಕಾಂಕ್ರೀಟ್ ಗೋಡೆ ಕಟ್ಟಬಹುದು ಅಥವಾ ಉಕ್ಕಿನ ಓರೆಪಟ್ಟಿಗಳನ್ನು ಜೋಡಿಸಬಹುದು. ಇವು ಎರಡೂ ದಿಕ್ಕಿಗೆ, ಎರಡೂ ಬದಿಗೆ ಸಮನಾಗಿ ಹಂಚಿರಬೇಕು. ಒಂದೇ ಮೂಲೆಯಲ್ಲಿ ಗುಡ್ಡೆಹಾಕಿದರೆ ಕಟ್ಟಡ ತಿರುಚಿಕೊಳ್ಳುತ್ತದೆ. ದುರ್ಬಲ ಕಂಬಗಳಿಗೆ ಸುತ್ತ ಹೊಸ ಸರಳು, ಹೊಸ ರಿಂಗ್ ಹಾಕಿ ಕಾಂಕ್ರೀಟಿನ ಕವಚ ತೊಡಿಸಬಹುದು. ಹೊಸ ಸರಳುಗಳು ಕೆಳಗೆ ಬುನಾದಿಗೆ ನಾಟಿರಬೇಕು, ಮೇಲೆ ಚಪ್ಪಡಿಯನ್ನು ದಾಟಿ ಹೋಗಬೇಕು. ಗುತ್ತಿಗೆದಾರರು ಹೇಳುತ್ತಿರುವುದು ತುಕ್ಕು ಉಜ್ಜಿ ಗಾರೆ ಮೆತ್ತುವ ಕೆಲಸ. ಅದರಿಂದ ಕಂಬಕ್ಕೆ ಈ ಬಲ ಬರುವುದಿಲ್ಲ.

ಸಿ-304
ಕಾಂಕ್ರೀಟ್ ಗೋಡೆ ಬಂದರೆ ಯಾರ ಕಾರಿನ ಜಾಗ ಹೋಗುತ್ತದೆ? ನಾವು ಹಣ ಕೊಟ್ಟು ಪಡೆದ ಜಾಗ ಅದು.

ಎ-302
ಕೆಲವು ಜಾಗಗಳು ಕಿರಿದಾಗಬಹುದು, ಒಂದೆರಡು ಹೋಗಲೂಬಹುದು. ಅದನ್ನು ಮುಚ್ಚಿಡುವುದಿಲ್ಲ. ಓರೆಪಟ್ಟಿಗಳನ್ನು ಕಾಂಪೌಂಡ್ ಕಡೆಯ ಕಂಬಸಾಲಿಗೆ ಹಾಕಿದರೆ ನಷ್ಟ ಕಡಿಮೆ. ಜಾಗ ಕಳೆದುಕೊಳ್ಳುವವರಿಗೆ ಹಿಂದಿನ ಖಾಲಿ ನೆಲದಲ್ಲಿ ಚಾವಣಿ ಸಮೇತ ಜಾಗ ಕೊಡುವ ನಿರ್ಣಯವನ್ನು ಮೊದಲು ಮಾಡೋಣ, ಆಮೇಲೆ ಕೆಲಸ. ನನ್ನದೇ ಜಾಗ ಬೇಕಾದರೆ ಈಗಲೇ ಬಿಟ್ಟುಕೊಡುತ್ತೇನೆ, ಅದು ಸರಿಯಾಗಿ ನಡುಸಾಲಿನ ಪಕ್ಕದಲ್ಲಿದೆ.

ಎಫ್-002
ನಾನು ಈ ಗುಂಪಿನಲ್ಲಿ ಹೆಚ್ಚು ಬರೆಯುವವನಲ್ಲ. ಈ ಬಡಾವಣೆ ಏಳುವ ಮೊದಲು ಇದು ಬೈಲುಗದ್ದೆ. ಮಳೆಗಾಲದ ಏಣೆಲು ಬೆಳೆಗೆ ನಾನೇ ಇಲ್ಲಿ ಉಳುಮೆ ಮಾಡಿದ್ದೇನೆ. ಮಳೆಗಾಲದಲ್ಲಿ ಹೊಳೆಯ ನೀರು ನಮ್ಮ ಬದುವಿನವರೆಗೆ ಬರುತ್ತಿತ್ತು. ಇ ಮತ್ತು ಎಫ್ ಕಟ್ಟಡ ನಿಂತಿರುವುದು ಅತಿ ತಗ್ಗಿನ ಗದ್ದೆಯಲ್ಲಿ, ಲಾರಿಗಟ್ಟಲೆ ಕೆಂಪು ಮಣ್ಣು ಸುರಿದು ಏರಿಸಿದ್ದು. ಎ, ಬಿ ಕಡೆ ಮುರಕಲ್ಲು, ಅಂದರೆ ಕೆಂಪುಕಲ್ಲು, ಬೇಗ ಸಿಗುತ್ತದೆ. ಹಿಂದಿನ ಕಾಂಪೌಂಡ್ ಗೋಡೆ ಹೊಳೆಯ ಕಡೆಗೆ ವಾಲಿರುವುದನ್ನು ಯಾರಾದರೂ ಗಮನಿಸಿದ್ದೀರಾ?

ಎ-302
ಈ ಮಾಹಿತಿಗೆ ಬಹಳ ಕೃತಜ್ಞತೆಗಳು, ಇದು ಯಾವ ನಕ್ಷೆಯಲ್ಲೂ ಇರುವುದಿಲ್ಲ. ಕಟ್ಟಡ ಎಷ್ಟೇ ಗಟ್ಟಿಯಿದ್ದರೂ ನೆಲ ಕೈಕೊಟ್ಟರೆ ಪ್ರಯೋಜನವಿಲ್ಲ. ಸಡಿಲ ಮರಳು ನೀರು ತುಂಬಿಕೊಂಡಿರುವಾಗ ಅಲುಗಿದರೆ ಕಣಗಳ ನಡುವಿನ ನೀರಿನ ಒತ್ತಡ ಏರಿ ನೆಲ ದ್ರವದಂತೆ ವರ್ತಿಸುತ್ತದೆ. 1964ರಲ್ಲಿ ಜಪಾನಿನ ನೀಗಾಟಾದಲ್ಲಿ ವಸತಿ ಕಟ್ಟಡಗಳು ಹೆಚ್ಚೇನೂ ಒಡೆಯದೆ ಇಡಿಯಾಗಿ ಪಕ್ಕಕ್ಕೆ ಮಲಗಿದ್ದು ಹೀಗೆ. ಇ, ಎಫ್ ಅಡಿಯಲ್ಲಿ ಮರಳಿದೆಯೋ ಜೇಡಿಯಿದೆಯೋ ಕೊರೆದೇ ನೋಡಬೇಕು. ಜೇಡಿಯಾದರೆ ದ್ರವೀಕರಣದ ಭಯ ಕಡಿಮೆ, ಆದರೆ ಕುಸಿತ ಮತ್ತು ಅಲುಗಾಟದ ಹೆಚ್ಚಳ ಎರಡೂ ಲೆಕ್ಕಕ್ಕೆ ಬರುತ್ತವೆ. ಕೊರೆಯುವಾಗ ಸಿಗುವ ಎನ್ ಮೌಲ್ಯ (ನೆಲದೊಳಕ್ಕೆ ಗೊತ್ತಾದ ಉದ್ದ ಕೊಳವೆ ಇಳಿಸಲು ಬೇಕಾದ ಸುತ್ತಿಗೆಯ ಪೆಟ್ಟುಗಳ ಎಣಿಕೆ) ಐದು ಮೀಟರ್ ಆಳದವರೆಗೆ 15ಕ್ಕಿಂತ ಕಡಿಮೆಯಿದ್ದರೆ ನಮ್ಮ ವಲಯಕ್ಕೆ ಅದು ಸಾಲದು. ಕಟ್ಟಡ ಎದ್ದ ಮೇಲೂ ನೆಲದಾಳಕ್ಕೆ ಸಣ್ಣ ವ್ಯಾಸದ ಕಂಬಗಳನ್ನು, ಅಂದರೆ ಪೈಲ್‌ಗಳನ್ನು ಇಳಿಸುವ, ಸಿಮೆಂಟ್ ದ್ರಾವಣ ತುಂಬುವ ವಿಧಾನಗಳಿವೆ, ಆದರೆ ಅಗ್ಗವಲ್ಲ. ಹಾಗಾಗಿ ಮೊದಲು ಇ ಮತ್ತು ಎಫ್ ಬಳಿ ಮಣ್ಣು ಪರೀಕ್ಷೆಗೆ ಒಂದೊಂದು ಕೊಳವೆ ಕೊರೆಸೋಣ, ಉಳಿದವುಗಳಿಗೆ ಆಮೇಲೆ.

ಸಿ-101
ಸರಿ, ಬಣ್ಣದ ಕೆಲಸ ತಡೆಹಿಡಿಯುವಂತೆ ಅಧ್ಯಕ್ಷರಿಗೆ ಹೇಳಿದ್ದೇನೆ. ಆದರೆ ಪರೀಕ್ಷೆಯ ಖರ್ಚು ಮತ್ತು ಬಲಪಡಿಸುವ ಖರ್ಚು ಬೇರೆ ಬೇರೆ ನಿರ್ಣಯಗಳಾಗಿ ಬರಬೇಕು. ವರದಿ ನೋಡದೆ ದೊಡ್ಡ ಮೊತ್ತಕ್ಕೆ ನಾನು ಕೈ ಎತ್ತುವುದಿಲ್ಲ.

ಎ-302
ಅದೇ ಸರಿಯಾದ ಕ್ರಮ, ನಾನೂ ಒಪ್ಪುತ್ತೇನೆ. ಭಾನುವಾರ ಬೆಳಿಗ್ಗೆ ಹತ್ತಕ್ಕೆ ಬಿ ಕಟ್ಟಡದ ಕೆಳಗೆ ಸೇರೋಣ. ಪರೀಕ್ಷೆಯನ್ನು, ಈಗಾಗಲೇ ಇರುವ ಕಾಂಕ್ರೀಟ್ ಕಟ್ಟಡಗಳ ಭೂಕಂಪ ಬಲ ಅಳೆಯುವ ಮಾನಕ ಐಎಸ್ 15988ರ ಪ್ರಕಾರ ಮಾಡಬೇಕು ಎಂಬುದು ನಿರ್ಣಯದಲ್ಲಿ ಬರೆದಿರಲಿ. ಸುತ್ತಿಗೆ ಪರೀಕ್ಷೆ ಕಾಂಕ್ರೀಟಿನ ಮೇಲ್ಮೈಯನ್ನಷ್ಟೇ ಹೇಳುತ್ತದೆ. ಶಬ್ದತರಂಗ ಪರೀಕ್ಷೆ, ಕೋರ್ (ಕಾಂಕ್ರೀಟಿನಿಂದ ಕೊರೆದ ತುಂಡು) ತೆಗೆದು ಒತ್ತಿ ನೋಡುವುದು, ತುಕ್ಕಿನ ಅಳತೆ, ಸರಳಿನ ಶೋಧನೆ ಇವೂ ಬೇಕು. ಸುರತ್ಕಲ್‌ನ ಎನ್‌ಐಟಿಕೆಯ ಸಿವಿಲ್ ವಿಭಾಗಕ್ಕೆ ನಾನು ಪತ್ರ ಬರೆಯುತ್ತೇನೆ, ಜೊತೆಗೆ ಇನ್ನೆರಡು ಕಡೆಯಿಂದ ದರ ತರಿಸೋಣ. ನಮ್ಮದೇ ಬಡಾವಣೆಯವಳಾದ್ದರಿಂದ ವರದಿಗೆ ನಾನು ಸಹಿ ಹಾಕುವುದಿಲ್ಲ, ಹೊರಗಿನವರೇ ಹಾಕಲಿ. ಪಾಲಿಕೆಯಿಂದ ಮಂಜೂರಾದ ನಕ್ಷೆಯ ಪ್ರತಿಗೆ ಡಿ-203 ಅರ್ಜಿ ಹಾಕುತ್ತೀರಾ? ಕಟ್ಟಿದವರ ಬಳಿ ಮಣ್ಣು ಪರೀಕ್ಷೆಯ ವರದಿ ಇದ್ದರೆ ಸಂಘವೇ ಲಿಖಿತವಾಗಿ ಕೇಳಲಿ. ಎಫ್-002ರವರು ಹಳೆಯ ಬದುಗಳು ಎಲ್ಲಿದ್ದವು ಎಂದು ನಡೆದು ತೋರಿಸಿದರೆ ಸುಣ್ಣದಲ್ಲಿ ಗುರುತು ಹಾಕಿಕೊಳ್ಳುತ್ತೇನೆ.

ಇನ್ನೊಂದು ಮಾತು: ಎ ಕಟ್ಟಡದ ತಾರಸಿಯ ಮೇಲೆ ಎರಡನೇ ನೀರಿನ ಟ್ಯಾಂಕ್ ಕಟ್ಟುವ ಪ್ರಸ್ತಾಪ ಹಾಗೆಯೇ ಇದೆ. ಅದರ ಭಾರ ಇದೇ ಕಂಬಗಳ ಮೇಲೆ ಬೀಳುತ್ತದೆ. ವರದಿ ಬರುವವರೆಗೆ ಅದನ್ನೂ ತಡೆಯಬೇಕು.

ಡಿ-203
ಅರ್ಜಿ ನಾಳೆಯೇ ಹಾಕುತ್ತೇನೆ.

ಎಫ್-002
ಭಾನುವಾರ ಎಂಟಕ್ಕೇ ಬನ್ನಿ. ಬಿಸಿಲು ಏರುವ ಮೊದಲು ಬದು ತೋರಿಸುತ್ತೇನೆ.

ಸಿ-304
ಪಾರ್ಕಿಂಗ್ ಜಾಗ ಬದಲಿಸುವ ನಿರ್ಣಯದ ಕರಡನ್ನು ನಾನೇ ಬರೆದು ಶನಿವಾರದೊಳಗೆ ಇಲ್ಲಿ ಹಾಕುತ್ತೇನೆ. ತಿದ್ದುಪಡಿ ಇದ್ದವರು ಸಭೆಗೆ ಮೊದಲೇ ತಿಳಿಸಿ.