ಲಾರಿ ಚಕ್ರದ ನಟ್ ಜಗ್ಗುತ್ತಿಲ್ಲ, ಟಾರ್ಕ್ ಮಲ್ಟಿಪ್ಲೈಯರ್ ಹಾಕಬಹುದಾ?

ಜೋಡಿಟೈರ್:
ಆರು ಚಕ್ರದ ಲಾರಿ, ಹಿಂದಿನ ಜೋಡಿ ಟೈರ್. ಸ್ಟಡ್ (ನಟ್ ಕೂರುವ ಬೋಲ್ಟ್) ಎಂ22×1.5, ನಟ್ 32 ಎಂಎಂ, ಚಕ್ರಕ್ಕೆ ಹತ್ತು, 335 ಎಂಎಂ ಪಿಸಿಡಿ (ಸ್ಟಡ್ಡುಗಳು ಕೂರುವ ವೃತ್ತದ ವ್ಯಾಸ). ಮೂರು ನಟ್ ತುಕ್ಕು ಹಿಡಿದು ಕೂತಿವೆ. ವೀಲ್ ಪಾನಾಗೆ ನಾಲ್ಕಡಿ ಪೈಪ್ ತೂರಿಸಿ ಮೇಲೆ ನಿಂತರೂ ಅಲ್ಲಾಡುತ್ತಿಲ್ಲ. ಕೈಯಲ್ಲಿ ತಿರುಗಿಸುವ 1:58 ಮಲ್ಟಿಪ್ಲೈಯರ್ (ತಿರುಗಿಸುವ ಬಲ, ಅಂದರೆ ಟಾರ್ಕನ್ನು, ಗೇರಿನಿಂದ 58 ಪಟ್ಟು ಮಾಡುವ ಸಾಧನ) ಸಾಕಾ? ಅದರ ಮೈ ತಿರುಗದಂತೆ ತಡೆಯುವ ತೋಳನ್ನು ಎಲ್ಲಿಗೆ ಕೊಡಬೇಕು?

ಗ್ರೀಸ್‌ಕೈ:
ಮೊದಲು ಸ್ಟಡ್ ತುದಿ ಉಜ್ಜಿ ನೋಡಿ. ಕೆಲವು ಹಳೇ ಗಾಡಿಗಳಲ್ಲಿ ಎಡಬದಿಯ ಚಕ್ರಕ್ಕೆ ಎಡ ಮರೆ (ಪ್ರದಕ್ಷಿಣವಾಗಿ ತಿರುಗಿಸಿದರೆ ಬಿಚ್ಚುವುದು) ಇರುತ್ತದೆ, ತುದಿಯಲ್ಲಿ ‘ಎಲ್’ ಹೊಡೆದಿರುತ್ತಾರೆ. ಅದನ್ನು ನೋಡದೆ ಬಿಚ್ಚುತ್ತೇನೆಂದು ಬಿಗಿಯುತ್ತಿರುವವರು ಕಮ್ಮಿಯೇನಿಲ್ಲ.

ಪೈಪಿನ ಮೇಲೆ 70 ಕೆಜಿ ಆಳು ನಿಂತರೆ ಸುಮಾರು 800 ನ್ಯೂಟನ್ ಮೀಟರ್ ಟಾರ್ಕ್. 1:58ರ ಹಿಡಿಗೆ 20 ಸೆಂ.ಮೀ. ದೂರದಲ್ಲಿ 10 ಕೆಜಿ ಒತ್ತಿದರೆ ಲೆಕ್ಕಕ್ಕೆ 1,100 ಮೀರುತ್ತದೆ. ಗೇರಿನ ಉಜ್ಜಾಟದಲ್ಲಿ ಒಂದಷ್ಟು ಹೋಗುತ್ತದೆ, ಆದರೂ ಸಾಕು. ನಟ್ ಒಂದು ಸುತ್ತು ಬರಲು ಹಿಡಿ 58 ಸುತ್ತಬೇಕು, ಅಷ್ಟೇ ತಾಳ್ಮೆ ಬೇಕು.

ಎಡವಟ್ಟಾಗುವುದು ತೋಳಿನಲ್ಲಿ. ನಟ್ ಅಪ್ರದಕ್ಷಿಣವಾಗಿ ಬಿಚ್ಚುವಾಗ ಮಲ್ಟಿಪ್ಲೈಯರಿನ ಮೈ ಪ್ರದಕ್ಷಿಣವಾಗಿ ತಿರುಗಲು ನೋಡುತ್ತದೆ. ಹಾಗಾಗಿ ತೋಳು ಬಲಕ್ಕೆ ಚಾಚಿದ್ದರೆ ಆಸರೆ ಅದರ ಕೆಳಗಿರಬೇಕು. ಎಡ ಮರೆಯಾದರೆ ಉಲ್ಟಾ. ನಿಮ್ಮ ಪಿಸಿಡಿಯಲ್ಲಿ ಪಕ್ಕದ ನಟ್ 10 ಸೆಂ.ಮೀ. ದೂರ, 1,000 ನ್ಯೂಟನ್ ಮೀಟರ್ ಬಂದಾಗ ಅದರ ಮೇಲೆ ಹತ್ತಿರ ಹತ್ತಿರ ಒಂದು ಟನ್ ಬೀಳುತ್ತದೆ. ಬೆರಳು ಅಲ್ಲಿ ಹೋದರೆ ಮುಗಿಯಿತು. ತೋಳು ನಟ್ಟಿನ ಬುಡಕ್ಕೆ ಕೂರಲಿ. ಸ್ಟಡ್ಡಿನ ತುದಿಗೆ ಕೊಟ್ಟರೆ ಮರೆ ಹಾಳು, ಸ್ಟಡ್ ಸೊಟ್ಟ. ಆಸರೆಯ ನಟ್ ಬಿಗಿಯಾಗಿಯೇ ಇರಬೇಕು. ಆಗಲೇ ಸಡಿಲಿಸಿದ್ದರೆ ಮತ್ತೆ ಬಿಗಿದುಕೊಳ್ಳಿ.

ತುಕ್ಕುಶತ್ರು:
ಹಿಂದಿನ ರಾತ್ರಿಯೇ ವೈರ್ ಬ್ರಷ್ ಹಾಕಿ, ನಟ್ಟಿನ ಹಿಂದೆ ಮುಂದೆ ತುಕ್ಕು ಬಿಡಿಸುವ ಎಣ್ಣೆ ಬಿಡಿ. ಎರಡು ಮೂರು ಸಲ ಬಿಟ್ಟರೆ ಒಳಗಿಳಿಯುತ್ತದೆ. ಸುತ್ತಿಗೆಯಲ್ಲಿ ನಟ್ಟಿನ ಪಕ್ಕೆಗಳಿಗೆ ತಟ್ಟಿ, ತುದಿಗಲ್ಲ. ಸಾಕೆಟ್ ಆರು ಮೂಲೆಯ ಇಂಪ್ಯಾಕ್ಟ್ ಸಾಕೆಟ್ಟೇ ಆಗಲಿ. ಹನ್ನೆರಡು ಮೂಲೆಯದು ನಟ್ಟನ್ನು ಉರುಟು ಮಾಡುತ್ತದೆ, ತೆಳು ಕ್ರೋಮ್ ಸಾಕೆಟ್ ಸೀಳುತ್ತದೆ.

ಗ್ಯಾಸ್ ಬೆಂಕಿ ಮಾತ್ರ ಬೇಡ. ಬಿಸಿಯಾದ ಚಕ್ರದ ಡಿಸ್ಕಿನಿಂದ (ಟೈರ್ ಕೂರುವ ಲೋಹದ ಭಾಗ) ಟೈರಿನೊಳಗಿನ ರಬ್ಬರ್ ಸುಟ್ಟು ಅನಿಲ ತುಂಬಿಕೊಂಡರೆ ಟೈರ್ ಸಿಡಿಯುತ್ತದೆ, ಸ್ಟಡ್ಡಿನ ಹದವೂ ಹೋಗುತ್ತದೆ. ಯಾವುದಕ್ಕೂ ಬಗ್ಗದಿದ್ದರೆ ನಟ್ ಸೀಳಿ ಸ್ಟಡ್ ಬದಲಾಯಿಸುವುದೇ ಅಗ್ಗ.

ಜೋಡಿಟೈರ್:
ನಟ್ ಪಟ್ ಎಂದು ಬಿಟ್ಟಿತು, ಆದರೆ ತೋಳು ಪಕ್ಕದ ನಟ್ಟಿಗೆ ಕಚ್ಚಿಕೊಂಡು ಸಾಕೆಟ್ ಹೊರಗೇ ಬರುತ್ತಿಲ್ಲ. ಸುತ್ತಿಗೆಯಲ್ಲಿ ಹೊಡೆಯಬಹುದಾ?

ಗ್ರೀಸ್‌ಕೈ:
ಹೊಡೆಯಬೇಡಿ ಸರ್. ಗೇರು ಮತ್ತು ತೋಳಿನಲ್ಲಿ ಬಿಗುಪು ಉಳಿದಿದೆ. ಹಿಡಿ ಗಟ್ಟಿಯಾಗಿ ಹಿಡಿದು ಸ್ವಲ್ಪ ಹಿಂದಕ್ಕೆ ತಿರುಗಿಸಿ, ಒತ್ತಡ ಇಳಿದು ತೋಳು ಸಡಿಲವಾಗುತ್ತದೆ. ಕೈ ಬಿಟ್ಟರೆ ಹಿಡಿ ರಪ್ಪನೆ ತಿರುಗಿ ಮಣಿಕಟ್ಟಿಗೆ ಬಡಿಯಬಹುದು. ಹಿಡಿಯ ಜಾಗಕ್ಕೆ ಇಂಪ್ಯಾಕ್ಟ್ ಗನ್ ಸಿಕ್ಕಿಸುವುದೂ ಬೇಡ, ಒಳಗಿನ ಸಣ್ಣ ಗೇರಿನ ಹಲ್ಲು ಉದುರುತ್ತವೆ.

ಎಲ್ಲ ನಟ್ಟನ್ನೂ ಚಕ್ರ ನೆಲದ ಮೇಲಿರುವಾಗ, ಹ್ಯಾಂಡ್ ಬ್ರೇಕ್ ಎಳೆದು, ಬೇರೆ ಚಕ್ರಕ್ಕೆ ಅಡ್ಡಗಟ್ಟೆ ಕೊಟ್ಟು ಅರ್ಧ ಸುತ್ತು ಮಾತ್ರ ಬಿಡಿಸಿ. ಜಾಕ್ ಆಮೇಲೆ.

ಅಳತೆಗಾರ:
ವಾಪಸ್ ಬಿಗಿಯಲು ಈ ಮಲ್ಟಿಪ್ಲೈಯರ್ ಬಳಸಬೇಡಿ. ಎಷ್ಟು ಬಿಗಿಯಾಯಿತೆಂದು ಕೈಗೆ ಗೊತ್ತೇ ಆಗುವುದಿಲ್ಲ, ಸ್ಟಡ್ ಎಳೆದುಕೊಂಡು ಮುಂದೆಲ್ಲೋ ತುಂಡಾಗುತ್ತದೆ. ಎದುರುಬದುರು ನಟ್ಟುಗಳನ್ನು ಸರದಿಯಂತೆ ಕೂರಿಸಿ, ಗಾಡಿಯ ಪುಸ್ತಕದಲ್ಲಿರುವ ಅಳತೆಗೆ ಟಾರ್ಕ್ ವ್ರೆಂಚಿನಲ್ಲಿ ಬಿಗಿಯಿರಿ. 50ರಿಂದ 100 ಕಿ.ಮೀ. ಓಡಿದ ಮೇಲೆ ಮತ್ತೊಮ್ಮೆ ನೋಡಿ. ಡ್ರಮ್ಮಿಗೂ ಡಿಸ್ಕಿಗೂ ನಡುವೆ ಬಣ್ಣ ಅಥವಾ ತುಕ್ಕಿನ ಚಕ್ಕೆ ಇದ್ದರೆ ಅದು ಪುಡಿಯಾಗಿ ನಟ್ ಸಡಿಲವಾಗಿರುತ್ತದೆ.